ಅರ್ಧಕ್ಕಿಳಿಸಿದ ನೀರು

ಎಂಟನೆಯ ತರಗತಿಗೆ ಸಂಧಿ ಹೇಳಿಕೊಡುತ್ತಿದ್ದೆ. ಹಲಗೆಯ ಮೇಲೆ ಬರೆಯುತ್ತಿದ್ದ ಸೀಮೆಸುಣ್ಣ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡೆ. ಮತ್ತೆ ಬಿತ್ತು. ಮಕ್ಕಳು ನಕ್ಕರು, ನಾನೂ ನಕ್ಕೆ. ಇನ್ನೊಮ್ಮೆ ಬರೆಯಲು ಹೋದರೆ ತೋಳು ಮೇಲೆ ಹೋಯಿತು, ಅಂಗೈ ಮಾತ್ರ ಬಾಡಿದ ಎಲೆಯ ಹಾಗೆ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು. ಎಡಗೈಯಿಂದ ಅದನ್ನು ಹಿಡಿದೆತ್ತಿದೆ. ಬಿಟ್ಟ ಕೂಡಲೇ ಮತ್ತೆ ಜೋತಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ಕುರ್ಚಿ ಸರಿಸಿ, "ಕೂಡ್ರಿ ಟೀಚರ್" ಎಂದಳು. ಕೂತೆ.

ನಾನು ಭಾಲ್ಕಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಬೀದರಿನ ಹಳೆಯ ಊರಿನಲ್ಲಿ. ಬೆಳಗಿನ ರೈಲಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಈ ಓಡಾಟದಿಂದಲೇ ಎಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಕೈ ಜೋತುಬೀಳುವ ಎಷ್ಟೋ ತಿಂಗಳು ಮೊದಲೇ ನನಗೆ ಹೊಟ್ಟೆನೋವು ಶುರುವಾಗಿತ್ತು. ಹೊಟ್ಟೆಯೊಳಗೆ ಯಾರೋ ಕೂತು ಒದ್ದೆ ಬಟ್ಟೆ ಹಿಂಡಿದಂತಹ ನೋವು. ಮಲವಿಸರ್ಜನೆ ಎನ್ನುವುದು ಹಬ್ಬಕ್ಕೊಮ್ಮೆ ಬರುವ ನೆಂಟನಾಯಿತು. ನಾಲಿಗೆಯ ಮೇಲೆ ಸದಾ ತುಕ್ಕಿನ ರುಚಿ. ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ಕೊಟ್ಟರು, ಹೊಟ್ಟೆ ಇನ್ನಷ್ಟು ಕಟ್ಟಿತು. ಒಬ್ಬರು ಅಲ್ಸರ್ ಎಂದರು. ಇನ್ನೊಬ್ಬರು ಅಪೆಂಡಿಕ್ಸ್ ಎಂದು ಆಪರೇಷನ್ನಿಗೆ ಮಲಗಿಸಿ, ಕಡೆಗೆ ಯಾಕೋ ಬೇಡವೆಂದು ಎಬ್ಬಿಸಿ ಕಳಿಸಿದರು. ಮೂರನೆಯವರು ನನ್ನ ಮುಖವನ್ನೂ ನೋಡದೆ, ಈ ವಯಸ್ಸಿನ ಹೆಂಗಸರಿಗೆ ಇದೆಲ್ಲ ಸಹಜ ಎಂದರು. ಆ ಮಾತು ಕೇಳಿದಾಗ ಬಂದ ಸಿಟ್ಟು ನನ್ನಲ್ಲಿ ಇವತ್ತಿಗೂ ಬೆಚ್ಚಗಿದೆ.

ಆಸ್ಪತ್ರೆಗಳ ಬೆಂಚುಗಳ ಮೇಲೆ ಕೂತು ಕೂತು ನನಗೊಂದು ಅಭ್ಯಾಸವಾಗಿತ್ತು. ಪಕ್ಕದವರ ಕಾಯಿಲೆ ಕೇಳುವುದು. ಎಲ್ಲರ ಕಾಯಿಲೆಗೂ ಹೆಸರಿತ್ತು. ಸಕ್ಕರೆ, ಬಿ.ಪಿ., ಕಲ್ಲು. "ನಿಮಗೇನ್ ಆಗ್ಯದರಿ?" ಎಂದು ಅವರು ತಿರುಗಿ ಕೇಳಿದರೆ ನನ್ನ ಬಳಿ ಹೇಳಲು ಏನೂ ಇರುತ್ತಿರಲಿಲ್ಲ. ಹೆಸರಿಲ್ಲದ ಕಾಯಿಲೆಯವರಿಗೆ ಮನೆಯವರೂ ಸ್ವಲ್ಪ ದಿನವಷ್ಟೇ ಕನಿಕರ ತೋರಿಸುತ್ತಾರೆ. ನನ್ನ ಗಂಡ ಮಾಣಿಕರಾವ್ ಒಳ್ಳೆಯ ಮನುಷ್ಯ. ಆದರೂ ಒಂದು ದಿನ ಚಹಾ ಕುಡಿಯುತ್ತಾ, "ಜರಾ ಮನಸ್ಸು ಗಟ್ಟಿ ಮಾಡ್ಕೊ ಸುನಂದಾ" ಎಂದುಬಿಟ್ಟರು. ಮನಸ್ಸು ಗಟ್ಟಿಯಾಗಿಯೇ ಇತ್ತು, ಮಣಿಕಟ್ಟು ಮೆತ್ತಗಾಗಿತ್ತು.

ಮನೆಯಲ್ಲಿ ಒಬ್ಬರು ಮಾತ್ರ ನನ್ನ ನೋವನ್ನು ಒಂದು ದಿನವೂ ಅನುಮಾನಿಸಲಿಲ್ಲ. ನನ್ನ ಅತ್ತೆ ಶಾಂತಾಬಾಯಿ. ಅವರ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಮ್ಮ ಮನೆಯ ನೀರಿನ ವಿಷಯ ಯಾರಿಗೂ ತಿಳಿಯುವುದಿಲ್ಲ.

ನಾವು ಬೌದ್ಧರು. ಅತ್ತೆ ಚಿಕ್ಕವರಿದ್ದಾಗ ಅವರ ತವರೂರಿನಲ್ಲಿ ಅವರ ಮಂದಿ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಕಟ್ಟೆಯ ಕೆಳಗೆ ಕೊಡ ಇಟ್ಟು ಕಾಯಬೇಕು. ಎಲ್ಲರದೂ ತುಂಬಿದ ಮೇಲೆ, ಮೇಲಿದ್ದವರಿಗೆ ಮನಸ್ಸು ಬಂದಾಗ ಸುರಿಯುವರು. ಅಷ್ಟರಲ್ಲಿ ಬಾವಿ ಕಲಕಿ ನೀರು ಕೆಸರಾಗಿರುತ್ತಿತ್ತು. ಅಂಥ ಹುಡುಗಿ ಮದುವೆಯಾಗಿ ಬಂದದ್ದು ಬೀದರಿನ ಈ ಮನೆಗೆ. ನಿಜಾಮನ ಕಾಲದ ಯಾವನೋ ಅಧಿಕಾರಿ ಕಟ್ಟಿಸಿದ ಕಲ್ಲಿನ ಮನೆ. ಆ ಅಧಿಕಾರಿ ಹೈದರಾಬಾದಿಗೆ ಹೋಗುವಾಗ ನಮ್ಮ ಮಾವನ ತಂದೆ ಕೊಂಡುಕೊಂಡಿದ್ದರು. ಓಣಿಗೆಲ್ಲ ನಳ ಬರುವ ಎಷ್ಟೋ ಮೊದಲೇ ಈ ಮನೆಯ ಅಂಗಳದಲ್ಲಿ ನಳ ಇತ್ತು. ಹೊಸ ಸೊಸೆ ಮೊದಲ ದಿನ ಆ ನಳ ತಿರುವಿ, ಬಂದ ನೀರಿಗೆ ನೇರವಾಗಿ ಬೊಗಸೆ ಒಡ್ಡಿ ಕುಡಿದರಂತೆ. ಯಾರೂ ಮೇಲಿನಿಂದ ಸುರಿಯದ ನೀರು. ಈ ಕಥೆಯನ್ನು ಅವರು ಅದೆಷ್ಟು ಸಲ ಹೇಳಿದ್ದಾರೆಂದರೆ ನನ್ನ ಮಗಳು ಅವರ ಧ್ವನಿಯಲ್ಲೇ ಹೇಳಿ ನಗಿಸುತ್ತಾಳೆ.

ಅಂದಿನಿಂದ ಅತ್ತೆಗೆ ಒಂದೇ ನಿಯಮ. ನಳದ ಮೊದಲ ನೀರು ನಮ್ಮ ಕುಡಿಯುವ ಕೊಡಕ್ಕೆ. ನಮ್ಮಲ್ಲಿ ನೀರು ದಿನಾ ಬರುವುದಿಲ್ಲ, ಬಿಟ್ಟಾಗ ಬರುತ್ತದೆ. ಬರುವ ಮೊದಲು ನಳ ಸುಯ್ಯೆಂದು ಗಾಳಿ ಉಗುಳುತ್ತದೆ. ಆ ಸದ್ದು ಕೇಳಿದರೆ ಅತ್ತೆ ಉಣ್ಣುವ ತಾಟು ಬಿಟ್ಟಾದರೂ ಎದ್ದು ಬಂದು, ನಳದ ಬಾಯಿಗೆ ಬಿಳಿ ಅರಿವೆ ಕಟ್ಟಿ ಕೊಡ ಒಡ್ಡುವರು. ಓಣಿಯ ಮಂದಿ ಮೋಟಾರು ಹಚ್ಚಿ ಎಳೆಯುವ ಮೊದಲು ನಮ್ಮ ಕೊಡ ತುಂಬಬೇಕು. "ಕಡೀ ನೀರ ಭಾಳ ಕುಡದೇನಿ ನಾ. ನನ್ನ ಮನ್ಯಾಗ ಮೊದಲನೇ ನೀರೇ ಆಗ್ಬೇಕು" ಎನ್ನುವರು.

ನಡುವೆ ಕೆಲವು ವರ್ಷ ಎಲ್ಲರಂತೆ ನಾವೂ ಕ್ಯಾನ್ ನೀರು ತರಿಸುತ್ತಿದ್ದೆವು. ಆಮೇಲೆ ನನಗೆ ಟೈಫಾಯಿಡ್ ಬಂತು. ಕ್ಯಾನಿನಿಂದಲೇ ಬಂತೆಂದು ಅತ್ತೆ ಕ್ಯಾನ್ ನಿಲ್ಲಿಸಿ, ನಳದ ಕೊಡವನ್ನು ಮತ್ತೆ ಅಡುಗೆಮನೆಗೆ ತಂದರು. ಜೊತೆಗೆ ತಮ್ಮ ತಾಯಿ ಬಾಣಂತಿಯರಿಗೆ ಮಾಡುತ್ತಿದ್ದ ಉಪಚಾರವನ್ನೂ ತಂದರು. ನೀರನ್ನು ಸಣ್ಣ ಉರಿಯ ಮೇಲೆ ಅರ್ಧಕ್ಕೆ ಇಳಿಯುವ ತನಕ ಕುದಿಸುವುದು. ಒಂದು ಕೊಡದ ನೀರು ಅರ್ಧ ಕೊಡ ಆಗಬೇಕು. ಆ ನೀರು ಹಗುರ, ಹೊಟ್ಟೆಗೆ ತಂಪು ಎಂದು ಅವರ ನಂಬಿಕೆ. ಟೈಫಾಯಿಡ್ ಹೋಯಿತು. ಅರ್ಧಕ್ಕಿಳಿಸಿದ ನೀರು ಉಳಿಯಿತು. ಶಾಲೆಗೂ ಅದನ್ನೇ ಬಾಟಲಿಗೆ ತುಂಬಿಸಿ ಕೊಡುತ್ತಿದ್ದರು. ನನ್ನ ಹೊಟ್ಟೆನೋವು ಹೆಚ್ಚಿದಷ್ಟೂ ಅವರು ಇನ್ನಷ್ಟು ಹೊತ್ತು ಕುದಿಸಿದರು. ಮಾಣಿಕರಾವ್ ಅವರಿಗೆ ಆ ನೀರಿನ ಸಪ್ಪೆ ರುಚಿ ಹಿಡಿಸುತ್ತಿರಲಿಲ್ಲ, ಕಚೇರಿಯಲ್ಲೇ ಹೊಟ್ಟೆತುಂಬ ಕುಡಿದು ಬರುತ್ತಿದ್ದರು. ನಾನು ಮಾತ್ರ ವಿಧೇಯ ಸೊಸೆ.

ಕೈ ಜೋತುಬಿದ್ದ ಆ ವಾರವೇ ಮಗಳು ಪ್ರಜ್ಞಾಳನ್ನು ಔರಾದಿನ ಅವಳ ಗಂಡನ ಮನೆಯಿಂದ ಕರೆತಂದಿದ್ದೆವು. ಏಳನೆಯ ತಿಂಗಳು, ಸೀಮಂತದ ಕುಬಸ ಮುಗಿದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಅವಳು ಬಂದದ್ದೇ ಅತ್ತೆ ದೊಡ್ಡ ಪಾತ್ರೆ ಇಳಿಸಿ, ಇನ್ನು ಮೇಲೆ ಇಬ್ಬರಿಗೆ ನೀರು ಕುದಿಸಬೇಕೆಂದು ಸಂಭ್ರಮಪಟ್ಟರು.

ಬೀದರಿನಲ್ಲೇ ಹೊಸದಾಗಿ ಬಂದ ಒಬ್ಬ ವೈದ್ಯರಿದ್ದಾರೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ಅವರಲ್ಲಿಗೆ ಹೋದೆವು. ನಮ್ಮ ಕಡೆಯವರೇ, ವಯಸ್ಸು ಚಿಕ್ಕದು. ಅವರು ನನ್ನ ಕೈ ನೋಡಿದರು, ಹೊಟ್ಟೆ ಒತ್ತಿದರು. ಆಮೇಲೆ, "ಬಾಯಿ ತೆಗೀರಿ" ಎಂದು ಕೆಳತುಟಿಯನ್ನು ಬೆರಳಿನಿಂದ ಮಡಚಿ ಟಾರ್ಚ್ ಬಿಟ್ಟರು. ನೋಡುತ್ತಲೇ ಇದ್ದರು. ಕನ್ನಡಿ ಕೊಟ್ಟು ನನಗೂ ತೋರಿಸಿದರು. ಹಲ್ಲಿನ ಬುಡದ ಒಸಡಿನ ಅಂಚಿಗೆ ಪೆನ್ನಿನಿಂದ ಎಳೆದಂತೆ ಒಂದು ನೀಲಿ ಗೆರೆ. ದಿನಾ ಹಲ್ಲುಜ್ಜುವ ನನಗೆ ಅದು ಕಂಡೇ ಇರಲಿಲ್ಲ.

"ಬ್ಯಾಟರಿ ಕೆಲಸ, ಬಣ್ಣದ ಕೆಲಸ, ಏನಾದರೂ ಮಾಡ್ತೀರೇನ್ರಿ? ಮನ್ಯಾಗ ಯಾರಾದ್ರೂ ಬಿದರಿ ಕೆಲಸ ಮಾಡ್ತಾರೇನು?"

"ಇಲ್ರಿ. ನಾ ಸಾಲಿ ಟೀಚರ್ ಇದ್ದೇನಿ."

"ಕುಡಿಯೋ ನೀರು?"

"ಕಾಸಿದ್ದೇ ಕುಡೀತೇನಿ ಸರ್. ನಳಾನೂ ಹೊಸಾದೇ ಅದ, ಪ್ಲಾಸ್ಟಿಕ್ ಪೈಪು" ಎಂದೆ ಹೆಮ್ಮೆಯಿಂದ.

ರಕ್ತ ಹೈದರಾಬಾದಿಗೆ ಹೋಯಿತು. ಫಲಿತಾಂಶ ಬಂದಾಗ ವೈದ್ಯರೇ ಫೋನು ಮಾಡಿ ಕರೆದರು. ನನ್ನ ಮೈಯಲ್ಲಿ ಸೀಸ ಇತ್ತು. ಇರಬಾರದಷ್ಟು ಇತ್ತು. ಸೀಸವೆಂದರೆ ನನಗೆ ತಿಳಿದಿದ್ದದ್ದು ತೂಕದ ಬಟ್ಟು, ಮೀನಿನ ಬಲೆಯ ಗುಂಡು. ಅದು ನನ್ನ ರಕ್ತದಲ್ಲಿ ಹೇಗೆ ಓಡಾಡುತ್ತದೆ? ಯಾರೋ ಊಟದಲ್ಲಿ ಹಾಕಿದರೇ ಎಂದು ಒಂದು ಕ್ಷಣ ಅನ್ನಿಸಿದ್ದೂ ಸುಳ್ಳಲ್ಲ. ಹೆಸರು ಸಿಕ್ಕಿದ ಸಮಾಧಾನವೂ, ಆ ಹೆಸರಿನ ಗಾಬರಿಯೂ ಒಟ್ಟಿಗೆ ಬಂದು ನನಗೆ ನಗು ಬಂತು. ಮಾಣಿಕರಾವ್ ಹೆದರಿ ನನ್ನ ತೋಳು ಹಿಡಿದುಕೊಂಡರು.

ಔಷಧ ಇದೆ, ಆದರೆ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸದಿದ್ದರೆ ಔಷಧ ವ್ಯರ್ಥ ಎಂದರು ವೈದ್ಯರು. ಮನೆಗೆ ಬಂದು ಹುಡುಕಾಟ ಶುರುವಾಯಿತು. ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆಗಳನ್ನು ಅಟ್ಟಕ್ಕೆ ಹಾಕಿದೆವು. ಬಣ್ಣದ ಕಲಬೆರಕೆ ಇರಬಹುದೆಂದು ಅರಿಶಿನ ಚೆಲ್ಲಿದೆವು. ನನ್ನ ಕಾಡಿಗೆಯ ಡಬ್ಬಿ ಹೋಯಿತು. ಓಣಿಯ ತುದಿಯಲ್ಲಿ ಬಿದರಿ ಕೆಲಸದ ಮನೆಯೊಂದಿದೆ. ಆ ಕಡೆಯ ಕಿಟಕಿಗೆ ಮಾಣಿಕರಾವ್ ಹಲಗೆ ಹೊಡೆದರು. ಆ ಮನೆಯವರು ಯಾಕೆಂದು ಕೇಳಿ ಮುಖ ಚಿಕ್ಕದು ಮಾಡಿಕೊಂಡು ಹೋದರು. ಅತ್ತೆ ಮಾತ್ರ ತಮಗೆ ತಿಳಿದದ್ದನ್ನು ಮಾಡಿದರು. "ವಿಷ ಅದ ಅಂದ್ರ ಇನ್ನಾ ಜರಾ ಕುದಸ್ತೇನಿ ತಗೋ" ಎಂದು ಅರ್ಧದ ನೀರನ್ನು ಕಾಲು ಮಾಡತೊಡಗಿದರು. ನಾನು ಕುಡಿದೆ. ಪ್ರಜ್ಞಾಳೂ ಕುಡಿದಳು.

ಮುಂದಿನ ಭೇಟಿಯಲ್ಲಿ ನನ್ನ ಸ್ಥಿತಿ ಮತ್ತಷ್ಟು ಕೆಟ್ಟಿತ್ತು. ವೈದ್ಯರು ಪೆನ್ನು ಕೆಳಗಿಟ್ಟು, "ಟೀಚರ್, ನಿಮ್ಮ ಮನಿ ಎಷ್ಟು ಹಳೀದು?" ಎಂದರು. ಹೇಳಿದೆ. "ಪ್ಲಾಸ್ಟಿಕ್ ಪೈಪು ಎಲ್ಲಿಂದ ಎಲ್ಲೀತನ ಅದ, ನೀವ ನೋಡೀರೇನು? ಕಣ್ಣಿಗೆ ಕಾಣೋದು ಬಿಡ್ರಿ. ಫರಸಿ ಕಲ್ಲಿನ ಕೆಳಗಿಂದು ಯಾರರೆ ತೆಗೆದು ನೋಡ್ಯಾರೇನು?" ಯಾರೂ ನೋಡಿರಲಿಲ್ಲ. ಹೇಗೆ ಗುರುತು ಹಿಡಿಯಬೇಕೆಂದೂ ಅವರೇ ಹೇಳಿದರು. ಅಯಸ್ಕಾಂತ ಅಂಟಿದರೆ ಕಬ್ಬಿಣ. ಅಂಟದೆ ಇದ್ದು, ಚಾಕುವಿನಿಂದ ಕೆರೆದರೆ ಮೆತ್ತಗೆ ಕಿತ್ತು ಬೆಳ್ಳಿಯಂತೆ ಹೊಳೆದರೆ ಸೀಸ.

ನಮ್ಮ ಶಾಲೆಯ ವಿಜ್ಞಾನದ ಕೋಣೆಯಿಂದ ಕೆಂಪು ಬಣ್ಣದ ಅಯಸ್ಕಾಂತ ಕೇಳಿ ತಂದೆ. ನಳದ ಕೆಲಸದವನನ್ನು ಕರೆಸಿದೆವು. ಬೀದಿಯ ಕಡೆ ಹೊಸ ಪೈಪು ಒಳಗೆ ಬಂದು ಅಂಗಳದ ಕಲ್ಲುಚಪ್ಪಡಿಯ ಅಡಿ ಮಾಯವಾಗುತ್ತಿತ್ತು. ಆಚೆ ಬದಿಯಲ್ಲಿ ಪ್ಲಾಸ್ಟಿಕ್ಕಾಗಿಯೇ ಎದ್ದು ನಳಕ್ಕೆ ಸೇರುತ್ತಿತ್ತು. ಎರಡು ತುದಿ ನೋಡಿದವರು ನಡುವೆಯೂ ಹಾಗೆಯೇ ಎಂದುಕೊಂಡಿದ್ದೆವು. ಚಪ್ಪಡಿ ಎಬ್ಬಿಸಿ ಮಣ್ಣು ತೆಗೆದರೆ ಹಳೆಯ ಕೊಳವೆಯೊಂದು ಕಪ್ಪಗೆ, ಮಂಕಾಗಿ, ಅಂಕುಡೊಂಕಾಗಿ ಮಲಗಿತ್ತು. ಎರಡೂ ಕಡೆ ಸೇರುವಲ್ಲಿ ಈರುಳ್ಳಿ ನುಂಗಿದಂತೆ ಉಬ್ಬಿತ್ತು.

ಅಯಸ್ಕಾಂತ ಇಟ್ಟೆ. ಜಾರಿ ಮಣ್ಣಿಗೆ ಬಿತ್ತು. ನನ್ನ ಕೈಯ ದೋಷವಿರಬಹುದೆಂದು ಮಾಣಿಕರಾವ್ ಇಟ್ಟರು. ಮತ್ತೆ ಬಿತ್ತು. ಕೆಲಸದವನು ಚಾಕುವಿನಿಂದ ಒಂದು ಗೆರೆ ಎಳೆದ. ಬೆಣ್ಣೆಗೆ ಎಳೆದಂತೆ ಇಳಿಯಿತು. ಒಳಗೆ ಬೆಳ್ಳಗೆ ಹೊಳೆಯಿತು.

ನೀರು ದಿನಗಟ್ಟಲೆ ಈ ಕೊಳವೆಯೊಳಗೆ ನಿಲ್ಲುತ್ತದೆ. ನಳ ಬಿಟ್ಟಾಗ ಮೊದಲು ಹೊರಗೆ ಬರುವುದು ಹಾಗೆ ನಿಂತ ನೀರು. ಅದನ್ನೇ ನಾವು ಕಾದು, ಅರಿವೆ ಕಟ್ಟಿ, ಒಂದು ಹನಿ ಚೆಲ್ಲದೆ ಹಿಡಿಯುತ್ತಿದ್ದೆವು. ತಲೆ ಎತ್ತಿದರೆ ಅಡುಗೆಮನೆಯ ಹೊಸ್ತಿಲ ಮೇಲೆ ಪ್ರಜ್ಞಾ ಕೂತಿದ್ದಳು. ಕೈಯಲ್ಲಿ ಸ್ಟೀಲಿನ ಲೋಟ. ಎದ್ದು ಓಡಿದೆ. ಕಿತ್ತುಕೊಳ್ಳಲು ಕೈಗೆ ಬಲವಿರಲಿಲ್ಲ, ತೋಳಿನಿಂದ ಹೊಡೆದೆ. ಲೋಟ ಉರುಳಿ ನೀರು ಅಂಗಳಕ್ಕೆ ಹರಿಯಿತು.

"ಅವ್ವಾ! ಹುಚ್ಚು ಹಿಡೀತೇನ?" ಮಗಳು ಹೊಟ್ಟೆ ಹಿಡಿದುಕೊಂಡು ಎದ್ದು ನಿಂತಳು.

ಅತ್ತೆ ಒಲೆಯ ಮುಂದಿನಿಂದ ಬಂದರು. ನೆಲದ ಮೇಲಿನ ನೀರನ್ನು ನೋಡಿದರು. "ಕುಡಿಯೂ ನೀರ ಚೆಲ್ತೀ ಸುನಂದಾ?"

ನಾನು ಒಳಗೆ ಹೋಗಿ, ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆಯನ್ನು ಇಕ್ಕಳದಿಂದ ಹಿಡಿಯಲು ಹೋಗಿ ಆಗದೆ ಅಲ್ಲೇ ಕುಸಿದು ಅಳತೊಡಗಿದೆ. ಮಾಣಿಕರಾವ್ ಬಂದು ಒಲೆ ಆರಿಸಿದರು. ತಾಯಿಗೆ ಏನು ಹೇಳಬೇಕೆಂದು ಅವರಿಗೂ ತಿಳಿಯಲಿಲ್ಲ. ಕಡೆಗೆ ಹೇಳಿದ್ದು ವೈದ್ಯರೇ, ಮರುದಿನ. "ಆಯಿ, ಕುದಿಸಿದ್ರ ಹುಳ ಸಾಯ್ತಾವ. ಸೀಸ ಸಾಯಲ್ಲರಿ. ನೀರು ಹೋಗ್ತದ, ಸೀಸ ಉಳೀತದ." ಅತ್ತೆ ಕೇಳಿಸಿಕೊಂಡರು. ಆ ದಿನ ಮನೆಗೆ ಬಂದು ಉಣ್ಣಲಿಲ್ಲ.

ಪ್ರಜ್ಞಾಳ ರಕ್ತದಲ್ಲೂ ಸೀಸ ಬಂತು. ನನ್ನಷ್ಟಿಲ್ಲ, ಆದರೆ ಇತ್ತು. ಅತ್ತೆಯ ರಕ್ತದಲ್ಲೂ ಬಂತು. ವರ್ಷಗಟ್ಟಲೆಯ ಅವರ ಕೀಲುನೋವನ್ನು, ಬಿಳಿಚಿದ ಮುಖವನ್ನು ನಾವು ಮುಪ್ಪು ಎಂದು ಕರೆದಿದ್ದೆವು. ಬಸುರಿಗೆ ನನಗೆ ಕೊಡುವ ಕ್ಯಾಪ್ಸೂಲು ಕೊಡುವಂತಿರಲಿಲ್ಲ. ಅವಳು ಆ ನೀರು ಬಿಡಬೇಕು, ಹಾಲು ಸೊಪ್ಪು ಚೆನ್ನಾಗಿ ತಿನ್ನಬೇಕು, ಕಾಯಬೇಕು. ಮಗುವಿಗೆ ಏನಾಗುತ್ತದೆ ಎಂದು ಕೇಳಿದೆ. ಈಗಲೇ ಹೇಳಲಾಗದು ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಪಕ್ಕದ ಹೆಂಗಸು, "ನಿಮಗೇನ್ ಆಗ್ಯದರಿ ಅಕ್ಕಾ?" ಎಂದಳು. ಈಗ ನನ್ನ ಬಳಿ ಹೆಸರಿತ್ತು. ಬಾಯಿ ಬರಲಿಲ್ಲ.

ಮಗಳನ್ನು ಔರಾದಿಗೆ ವಾಪಸು ಕಳಿಸಿದೆವು. ಕುಬಸ ಮಾಡಿ ತಂದವಳನ್ನು ಹೆರಿಗೆಗೆ ಮೊದಲೇ ಗಂಡನ ಮನೆಗೆ ಬಿಟ್ಟು ಬರುವುದೆಂದರೆ ನಮ್ಮಲ್ಲಿ ಏನೆಲ್ಲ ಮಾತು ಬರುತ್ತವೆಂದು ಹೇಳಬೇಕಿಲ್ಲ. ಬೀಗರ ಮನೆಗೆ ಅಯಸ್ಕಾಂತ ಹಿಡಿದುಕೊಂಡು ಹೋದ ಮೊದಲ ತವರಿನವಳು ನಾನೇ ಇರಬೇಕು. ಕೊಟ್ಟ ಚಹಾ ಮುಟ್ಟುವ ಮೊದಲು ಅವರ ನಳ, ಬೋರಿನ ಪೈಪು, ಮಾಳಿಗೆಯ ಟಾಕಿ ಎಲ್ಲ ತಡಕಿದೆ. ಬೀಗತಿ ನನ್ನ ಹಿಂದೆಯೇ ತಿರುಗುತ್ತಾ, "ನೋಡ್ರಿ ಸುನಂದಾ ಬಾಯಿ, ಎಲ್ಲಾ ಸಾಫ್ ನೋಡ್ರಿ. ನನಗೂ ಮೊಮ್ಮಗಾನೇ ಅದು" ಎಂದರು. ಆಕೆ ಸಿಟ್ಟಾಗಬಹುದಿತ್ತು. ಆಗಲಿಲ್ಲ. ಆ ಉಪಕಾರ ಮರೆಯುವುದಿಲ್ಲ.

ಆ ಕೊಳೆತ ತತ್ತಿಯ ವಾಸನೆಯ ಕ್ಯಾಪ್ಸೂಲುಗಳನ್ನು ನಾನು ನುಂಗುತ್ತಾ ಹೋದೆ. ನನ್ನ ಬೆವರಿಗೂ, ಸೀರೆಗೂ ಆ ವಾಸನೆ ಬರತೊಡಗಿತು. ರೈಲಿನಲ್ಲಿ ಜನ ದೂರ ಸರಿದು ಕೂರುತ್ತಿದ್ದರು, ನನಗೆ ಕಿಟಕಿ ಸಿಗುತ್ತಿತ್ತು. ಮೊದಲು ಹೊಟ್ಟೆ ಸಡಿಲವಾಯಿತು. ಅದರ ಸುಖವನ್ನು ಬರೆದು ತಿಳಿಸಲಾಗದು. ಆಮೇಲೆ ನಿಧಾನವಾಗಿ ಬೆರಳುಗಳು ಮರಳಿದವು. ಅಂಗೈ ಮೇಲೆದ್ದ ದಿನ ಮಕ್ಕಳು ಚಪ್ಪಾಳೆ ತಟ್ಟಿದರು. ಅಕ್ಷರ ಇನ್ನೂ ಸೊಟ್ಟಗಿದೆ. ಬಿದರಿ ಕೆಲಸದ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ, ಕಿಟಕಿಯ ಹಲಗೆ ಕೀಳಿಸಿದೆ. ಅಂಗಳದ ಕೊಳವೆ ತೆಗೆಸಿ ಹೊಸದು ಹಾಕಿಸಿದೆವು.

ಪ್ರಜ್ಞಾಳಿಗೆ ಔರಾದಿನಲ್ಲಿ ಹೆಣ್ಣುಮಗು ಹುಟ್ಟಿತು. ಮಗುವಿನ ರಕ್ತದ ಫಲಿತಾಂಶಕ್ಕೆ ಕಾದ ದಿನಗಳಲ್ಲಿ ನಾನು ಅದನ್ನು ಎತ್ತಿಕೊಳ್ಳಲಿಲ್ಲ, ಕೈಯಲ್ಲಿ ಇನ್ನೂ ಬಲವಿಲ್ಲ ಎಂದು ನೆಪ ಹೇಳಿದೆ. ಭಯವಾಗುತ್ತಿತ್ತು. ಫಲಿತಾಂಶದಲ್ಲಿ ಸೀಸ ಇತ್ತು, ಆದರೆ ಔಷಧ ಬೇಕಾಗುವಷ್ಟು ಅಲ್ಲ. ಬೆಳವಣಿಗೆ ನೋಡುತ್ತಾ ಹೋಗೋಣ ಎಂದರು. ಅಂದಿನಿಂದ ನಾವು ನೋಡುತ್ತಲೇ ಇದ್ದೇವೆ. ಕೂತಳೇ, ತಿರುಗಿದಳೇ, ಗಿಲಕಿ ಅಲ್ಲಾಡಿಸಿದರೆ ಈ ಕಡೆ ನೋಡಿದಳೇ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿದೆ. ಆದರೂ ಆ ಹುಡುಗಿ ಒಂದು ನಿಮಿಷ ಸುಮ್ಮನಿದ್ದರೆ ನನ್ನ ಕೈ ಗಿಲಕಿಯ ಕಡೆ ಹೋಗುತ್ತದೆ.

ಕಳೆದ ಸಲ ವೈದ್ಯರಲ್ಲಿಗೆ ಹೋದಾಗ ಅತ್ತೆ ತಾವೂ ಬರುವುದಾಗಿ ಹಟ ಹಿಡಿದರು. ನನ್ನ ತಪಾಸಣೆ ಮುಗಿಯುವ ತನಕ ಸೆರಗು ಹೊದ್ದು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದರು. ನಾವು ಏಳುವಾಗ ಅವರು ಏಳಲಿಲ್ಲ.

"ಸಾಹೇಬ್ರ, ನಂದೊಂದು ಕೇಳೋದದ. ಬಸುರಿ ಹೆಂಗಸು ಈ ನೀರ ಕುಡದ್ರ ಕೂಸು ನಿಲ್ಲಲ್ಲೇನ್ರಿ?"

ವೈದ್ಯರು ನನ್ನ ಕಡೆ ನೋಡಿದರು. "ಒಮ್ಮೊಮ್ಮೆ ಹಾಂಗ ಆಗ್ತದರಿ ಆಯಿ. ಆದ್ರ ನಿಮ್ಮ ಮೊಮ್ಮಗಳಿಗಿ ಎಲ್ಲಾ ಬರೋಬರ್ ಆಗ್ಯದಲ್ಲ."

"ಅಕೀದಲ್ಲ. ನಂದು. ಇವ ಮಾಣಿಕ ಹುಟ್ಟೂಕಿಂತ ಮೊದಲ ಎರಡು ಹೋದವು. ಇವನ ಮ್ಯಾಲ ಒಂದು."

ಇದು ನನಗೆ ಗೊತ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಬಂಧುಗಳು ಪಿಸುಗುಟ್ಟುವುದನ್ನು ಕೇಳಿದ್ದೆ. ಶಾಂತಾಳ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದರಂತೆ. ಮಾವನಿಗೆ ಇನ್ನೊಂದು ಹೆಣ್ಣು ನೋಡಿದ್ದರಂತೆ, ಮಾಣಿಕರಾವ್ ಹುಟ್ಟಿದ್ದರಿಂದ ಅದು ನಿಂತಿತಂತೆ. ಅತ್ತೆ ಅದರ ಬಗ್ಗೆ ಒಂದು ದಿನವೂ ಬಾಯಿಬಿಟ್ಟವರಲ್ಲ.

"ಅದು ಭಾಳ ಹಿಂದಿನ ಮಾತು ಆಯಿ. ಈಗ ಹೇಳಾಕ ಆಗಲ್ಲರಿ. ಬ್ಯಾರೆ ಏನರೆ ಕಾರಣಾನೂ ಇರಬಹುದು" ಎಂದರು ವೈದ್ಯರು.

"ಆಗಿರಬಹುದು ಅಂತಾದ್ರೂ ಅನ್ರಿ" ಎಂದರು ಅತ್ತೆ. "ಎಲ್ಲಾರೂ ನನ್ನ ಹೊಟ್ಟಿಗೇ ಅಂದಾರ್ರಿ. ನಾನೂ ಅದಕ್ಕೇ ಅಂದ್ಕೊಂಡೇನಿ."

ಮಾಣಿಕರಾವ್ ಗೋಡೆಯ ಕಡೆ ತಿರುಗಿ ನಿಂತಿದ್ದರು. ವೈದ್ಯರು ಎದ್ದು ಬಂದು ಅತ್ತೆಯ ಮುಂದೆ ಬಗ್ಗಿದರು.

"ಆಗಿರಬಹುದುರಿ ಆಯಿ. ಆ ನೀರಿಲಿಂದೇ ಆಗಿರಬಹುದು."

ಅತ್ತೆ ತಲೆಯಾಡಿಸಿದರು. ಮನೆಗೆ ಬಂದು ಕೈಕಾಲು ತೊಳೆದು, ಹೊಸ ನಳದ ಪಕ್ಕದ ಕಲ್ಲಿನ ಮೇಲೆ ಕೂತು, ಮೆಹಕರದಲ್ಲಿರುವ ತಮ್ಮ ತಂಗಿಗೆ ಫೋನು ಹಚ್ಚಿಕೊಡೆಂದರು. ಫೋನಿನಲ್ಲಿ ಅವರು ಯಾವಾಗಲೂ ಕೂಗಿಯೇ ಮಾತಾಡುವುದು, ಆಚೆ ಓಣಿಗೂ ಕೇಳಬೇಕು. ಆ ದಿನ ಇನ್ನೂ ಜೋರಾಗಿ ಕೂಗಿದರು.

"ಕಮಳೀ, ಕೇಳಿಲ್ಲಿ. ನನ್ನ ಹೊಟ್ಟಿದು ಏನೂ ತಪ್ಪಿರಲಿಲ್ಲಂತ. ನಳದ್ದಂತ. ಡಾಕ್ಟರ್ ಹೇಳ್ಯಾರ."

ನಾನು ಪಕ್ಕದಲ್ಲೇ ಇದ್ದೆ. ಡಾಕ್ಟರ್ ಅಷ್ಟು ಖಂಡಿತವಾಗಿ ಹೇಳಿಲ್ಲ ಎಂದು ಅವರನ್ನು ತಿದ್ದಲಿಲ್ಲ.